ಅಟ್ಟದ ಕಾಯಿ ಯಾರು ಇಳಿಸಬೇಕು?

‘ನಾಳೆ ಬೆಳಗ್ಗೆ ಅಟ್ಟದಿಂದ ಕಾಯಿ ಇಳಿಸ್ಬೇಕು.’ ತುರುವೇಕೆರೆ ಸೀಮೆಯ ತೋಟದ ಮನೆಗಳಲ್ಲಿ ಈ ಮಾತು ಕೇಳದೆ ಬೆಳೆದ ಮಗು ಇರಲಾರದು. ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತ ಕಾಯಿಯ ನೀರು ಬತ್ತಿ, ಒಳಗೆ ಕೊಬ್ಬರಿ ಉಂಡೆಯಾಗಿ ಅಲ್ಲಾಡತೊಡಗಿದಾಗ ಹಿರಿಯರು ಯಾರೋ ಹೀಗನ್ನುತ್ತಾರೆ. ಆ ಮಾತಿನಲ್ಲಿ ಹೊತ್ತು ಇದೆ, ಜಾಗ ಇದೆ, ಆಗಲೇಬೇಕಾದ ಕೆಲಸ ಇದೆ. ಯಾರು ಇಳಿಸಬೇಕು ಎಂಬುದು ಮಾತ್ರ ಇಲ್ಲ, ಯಾಕೆಂದರೆ ಅದು ಮನೆಯವರಿಗೆಲ್ಲ ಗೊತ್ತು. ಇದನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೊರಟ ಹೈಸ್ಕೂಲು ಹುಡುಗ ಮೊದಲ ಹೆಜ್ಜೆಗೇ ಎಡವುತ್ತಾನೆ. ‘ಯಾರು?’ ಎಂಬುದಕ್ಕೆ ಉತ್ತರ ಸಿಗದೆ ಇಂಗ್ಲಿಷ್ ವಾಕ್ಯ ಮುಂದೆ ಬಿಡುವುದಿಲ್ಲ. ಐ, ವಿ, ಯು, ಯಾವುದಾದರೂ ಒಂದು ಸರ್ವನಾಮ ಬಾಗಿಲಲ್ಲಿ ನಿಂತ ಮೇಲೆ ಮಸ್ಟ್, ಅದರ ಬೆನ್ನಿಗೆ ಕೆಲಸ, ಆಮೇಲೆ ಎಲ್ಲಿಂದ ಮತ್ತು ಯಾವಾಗ.

ಈ ಜೋಡಣೆಯನ್ನು ಕಲಿಸಲು ಕನ್ನಡ ಮಾಧ್ಯಮದ ಶಾಲೆಗಳು ಬಹುಕಾಲದಿಂದ ನಂಬಿಕೊಂಡಿರುವುದು ಒಂದು ಪಟ್ಟಿಯನ್ನು. ಕ್ಯಾನ್ ಎಂದರೆ ಬಲ್ಲೆ, ಮೇ ಎಂದರೆ ಬಹುದು, ಮಸ್ಟ್ ಎಂದರೆ ಲೇಬೇಕು. ನಾನೂ ಅದನ್ನು ಬಾಯಿಪಾಠ ಮಾಡಿದವನೇ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಅದು ನೆರವಾಗಿದೆ, ಆ ಉಪಕಾರವನ್ನು ಮರೆಯಲಾರೆ. ಆದರೆ ಒಂದು ವಾಕ್ಯ ಸ್ವಂತವಾಗಿ ಕಟ್ಟಬೇಕಾದಾಗ ಆ ಪಟ್ಟಿ ಕೈಕೊಡುತ್ತದೆ. ಇಂಗ್ಲಿಷ್ ಕಷ್ಟವೆಂಬುದು ಇದಕ್ಕೆ ಕಾರಣವಾಗಿ ನನಗೆ ಕಾಣುವುದಿಲ್ಲ. ಪಟ್ಟಿಯಲ್ಲಿರುವ ಕನ್ನಡವೇ ಮಕ್ಕಳು ಆಡುವ ಕನ್ನಡ ಆಗಿಲ್ಲ.

‘ನಾನು ಮರ ಹತ್ತಬಲ್ಲೆ’ ಎಂದು ನಮ್ಮ ಕಡೆ ಯಾರು ಹೇಳುತ್ತಾರೆ? ‘ನಂಗೆ ಮರ ಹತ್ತಕ್ಕೆ ಬರುತ್ತೆ’ ಅನ್ನುತ್ತೇವೆ. ಮೈ ಹುಷಾರಿಲ್ಲದಿದ್ದರೆ ‘ಇವತ್ತು ಹತ್ತಕ್ಕಾಗಲ್ಲ’ ಅನ್ನುತ್ತೇವೆ. ಕಲಿತ ವಿದ್ಯೆಗೆ ಒಂದು ಮಾತು, ಆ ಹೊತ್ತಿನ ಶಕ್ತಿಗೆ ಇನ್ನೊಂದು. ಕ್ಯಾನ್ ಈ ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದೆ, ಯಾವುದು ಎಂದು ತಿಳಿಸುವುದು ಅಲ್ಲಿ ‘ಇವತ್ತು’ ಎಂಬಂಥ ಕ್ರಿಯಾವಿಶೇಷಣ. ಜೊತೆಗೆ ‘ನಂಗೆ’ ಹೋಗಿ ‘ಐ’ ಬರುತ್ತದೆ, ಸರ್ವನಾಮದ ವಿಭಕ್ತಿಯೇ ಬದಲಾಗುತ್ತದೆ. ಪಟ್ಟಿ ಇದರ ಸುದ್ದಿಗೇ ಹೋಗುವುದಿಲ್ಲ. ಮೇಲಾಗಿ ‘ಬಲ್ಲ’ ಎಂಬುದು ಯಾರ ಬಗ್ಗೆ ಆಡುತ್ತೇವೋ ಅವರಿಗೆ ತಕ್ಕಂತೆ ಬಾಗುತ್ತದೆ: ಬಲ್ಲೆ, ಬಲ್ಲಳು, ಬಲ್ಲರು. ಕ್ಯಾನ್ ಯಾರಿಗೂ ಬಾಗುವುದಿಲ್ಲ. ಬಾಗುವ ಮಾತಿಗೆ ಬಾಗದ ಮಾತನ್ನು ಸಮ ಎಂದು ಬರೆಸಿದ ಮೇಲೆ ‘ಹಿ ಕ್ಯಾನ್ಸ್’ ಎಂದು ಬರೆದ ಮಗುವನ್ನು ಬೈದರೆ ಏನು ಬಂತು?

ಬೇಕು, ಬಹುದು ಎಂಬ ಎರಡು ಮಾತುಗಳನ್ನು ನೋಡಿ. ಇವೂ ಬಾಗುವುದಿಲ್ಲ. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಇಂಗ್ಲಿಷಿನ ಮಸ್ಟ್, ಮೇ ನಡೆದುಕೊಳ್ಳುವುದೂ ಹಾಗೆಯೇ. ‘ಅವನು ಈಗ ತೋಟದಲ್ಲಿರಬೇಕು’ ಎಂದರೆ ಊಹೆ. ‘ನೀನು ಆರು ಗಂಟೆಗೆ ತೋಟದಲ್ಲಿರಬೇಕು’ ಎಂದರೆ ಅಪ್ಪಣೆ. ಕ್ರಿಯಾಪದ ಎರಡರಲ್ಲೂ ಒಂದೇ, ಸರ್ವನಾಮವೂ ಹೊತ್ತಿನ ಮಾತೂ ಸೇರಿ ಅರ್ಥವನ್ನು ತಿರುಗಿಸಿದವು. ಇಂಗ್ಲಿಷಿನ ‘ಮಸ್ಟ್ ಬಿ’ ಕೂಡ ಇದೇ ಎರಡು ಜಾಗದಲ್ಲಿ ಇದೇ ಎರಡು ಅರ್ಥ ಕೊಡುತ್ತದೆ. ‘ಸಂಜೆ ಹೊತ್ತಿಗೆ ಮಳೆ ಬರಬಹುದು’, ‘ನೀನಿನ್ನು ಒಳಗೆ ಬರಬಹುದು’ ಎಂಬಲ್ಲಿ ಮೇ ಕೂಡ ಹೀಗೇ. ಇಂಥ ನಂಟನ್ನು ತರಗತಿಯಲ್ಲಿ ತೋರಿಸದೆ ಇರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನೊಂದು ಹೋಲಿಕೆ ಇನ್ನೂ ಸೊಗಸಾದದ್ದು. ಒತ್ತು ಕೊಡಲು ನಾವು ಕೆಲಸಕ್ಕೂ ಬೇಕುವಿಗೂ ನಡುವೆ ಒಂದು ‘ಏ’ ತೂರಿಸುತ್ತೇವೆ: ಬರಲೇಬೇಕು. ಅನುಮಾನ ಇದ್ದರೆ ‘ಊ’: ಬರಲೂಬಹುದು. ಆಲ್ವೇಸ್, ನೆವರ್, ಸರ್ಟನ್‌ಲಿ ಮುಂತಾದ ಸಣ್ಣ ಕ್ರಿಯಾವಿಶೇಷಣಗಳೂ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೂರುವುದು ಮಸ್ಟ್‌ಗೂ ಕೆಲಸಕ್ಕೂ ನಡುವೆಯೇ. ಅಲ್ಲಿ ಮಸ್ಟ್ ಮೊದಲು, ಇಲ್ಲಿ ಬೇಕು ಕೊನೆಗೆ, ನಡುವಿನ ಜಾಗ ಮಾತ್ರ ಎರಡೂ ಕಡೆ ಒಂದೇ. ಉದ್ದನೆಯ ‘ನಾಳೆ ಬೆಳಗ್ಗೆ ತಿಪಟೂರಿನ ಹರಾಜಿಗೆ’ ಎಂಬಂಥದ್ದು ಆ ಸಂದಿಯಲ್ಲಿ ಹಿಡಿಸುವುದಿಲ್ಲ. ಅದು ಕೊನೆಗೆ ಹೋಗುತ್ತದೆ, ಅದೂ ನಮ್ಮ ವಾಡಿಕೆಗೆ ತಿರುಗುಮುರುಗಾಗಿ: ಊರು ಮೊದಲು, ಹೊತ್ತು ಆಮೇಲೆ.

ಬೇಡ ಎನ್ನುವಾಗ ಮಾತ್ರ ತುಂಬ ಎಚ್ಚರ ಬೇಕು. ‘ನೀವು ಬರಬೇಕಾಗಿಲ್ಲ’ ಎಂಬುದನ್ನು ಪಟ್ಟಿ ನಂಬಿ ‘ಮಸ್ಟ್ ನಾಟ್’ ಎಂದು ಬರೆದರೆ ಅದು ‘ಬರಂಗಿಲ್ಲ’ ಎಂದಾಗುತ್ತದೆ. ಅಲ್ಲಿ ಬೇಕಾದದ್ದು ‘ನೀಡ್ ನಾಟ್’. ಮರ್ಯಾದೆಯ ಕತೆಯೂ ಅಷ್ಟೇ. ನೀನು, ನೀವು ಎರಡೂ ಇಂಗ್ಲಿಷಿನಲ್ಲಿ ಯು ಆಗಿಬಿಡುತ್ತವೆ. ಸರ್ವನಾಮ ಕಳೆದುಕೊಂಡ ಆ ಗೌರವವನ್ನು ಅಲ್ಲಿ ಕುಡ್, ವುಡ್ ಹೊರುತ್ತವೆ. ‘ಸಾರ್, ನಾಳೆ ಬನ್ನಿ’ ಎಂದು ಕೈಮುಗಿದು ಹೇಳುವ ಹುಡುಗ ‘ಕಮ್ ಟುಮಾರೊ’ ಎಂದಾಗ ಒರಟನಂತೆ ಕೇಳಿಸುವುದು ಇದರಿಂದ. ಅವನ ವಿನಯ ‘ಬನ್ನಿ’ಯಲ್ಲೇ ಉಳಿದುಹೋಯಿತು.

ಕನ್ನಡವನ್ನು ತರಗತಿಯಿಂದ ಹೊರಗಿಟ್ಟು ಬರಿಯ ಇಂಗ್ಲಿಷಿನಲ್ಲೇ ಇಂಗ್ಲಿಷ್ ಕಲಿಸಿ ಎನ್ನುವವರಿದ್ದಾರೆ. ಮನೆಯಲ್ಲಿ, ತೋಟದಲ್ಲಿ, ಬಸ್ ನಿಲ್ದಾಣದಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಊರಿಗೆ ಈ ಉಪಾಯ ಒಗ್ಗುವುದಿಲ್ಲ. ಎರಡೂ ಭಾಷೆಗಳನ್ನು ಜೊತೆಗಿಟ್ಟುಕೊಂಡು ದುಡಿದವರು ನಮ್ಮಲ್ಲೇ ಇದ್ದಾರೆ. ಕನ್ನಡವನ್ನು ಅದರದೇ ನಡೆಯಲ್ಲಿ ನೋಡಬೇಕೆಂದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಮೇಲೆಯೇ 2004ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ‘ಇಂಗ್ಲಿಷ್ ಗೀತಗಳು’ ಕೊಟ್ಟವರು. ಪದಕ್ಕೆ ಪದ ಇಡುವ ದಾರಿ ಹಿಡಿಯದೆ ಕನ್ನಡದ ಉಸಿರಿಗೆ ಒಗ್ಗುವಂತೆ ಸಾಲು ಕಟ್ಟಿದರು. ಅವರು ಹುಟ್ಟಿದ ತಾಲ್ಲೂಕಿನ ಮಕ್ಕಳಿಗೆ ನಾವು ಪದಕ್ಕೆ ಪದ ಇಡುವುದನ್ನೇ ಕಲಿಸುತ್ತಿದ್ದೇವೆ.

ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟು. ಮಸ್ಟ್ ಪಾಠದ ದಿನ ಪಟ್ಟಿಯನ್ನು ಪಕ್ಕಕ್ಕಿಡಿ. ಹಿಂದಿನ ರಾತ್ರಿ ಮನೆಯಲ್ಲಿ ‘ಬೇಕು’ ಎಂದು ಮುಗಿದ ಐದು ಮಾತನ್ನು ಮಕ್ಕಳ ಬಾಯಿಂದ ಹೇಳಿಸಿ. ಒಂದೊಂದಕ್ಕೂ ಯಾರು, ಎಲ್ಲಿ, ಯಾವಾಗ ಎಂದು ಕೇಳಿ. ಆಮೇಲೆ ಇಂಗ್ಲಿಷ್ ಬರೆಸಿ.