ಸೋಫಿಯ ಆರನೇ ಬೆರಳು

ವೈಜ್ಞಾನಿಕ ಕಥೆ ಅಂದ ಕೂಡಲೇ ನಮ್ಮ ಗೆಳೆಯರಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಅದು ಹೊಟ್ಟೆ ತುಂಬಿದವರ ಓದು, ಕೇರಿಗೂ ಅದಕ್ಕೂ ಏನ್ರೀ ಸಂಬಂಧ ಅಂತಾರೆ. ಸಂಬಂಧ ಇದೆ ಅನ್ನುವುದು ನಮ್ಮ ವಾದ. ಇಂಗ್ಲಿಷಿನ ಹಳೆಯ ವೈಜ್ಞಾನಿಕ ಕಥೆಗಳಲ್ಲಿ ಎರಡು ವಸ್ತುಗಳು ಮತ್ತೆ ಮತ್ತೆ ಬರುತ್ತವೆ. ಒಂದು, ಹುಟ್ಟಿನಿಂದಲೇ ಬೇರೆಯಾದ ಕೆಲವರು, ಅಂದರೆ ಮ್ಯುಟೆಂಟುಗಳು, ತಾವು ಯಾರೆಂಬುದನ್ನು ಮುಚ್ಚಿಟ್ಟುಕೊಂಡು ಬದುಕುವುದು. ಇನ್ನೊಂದು, ಈ ಲೋಕದ ಮಗ್ಗುಲಲ್ಲೇ ಕಣ್ಣಿಗೆ ಕಾಣದ ಮತ್ತೊಂದು ಲೋಕ ಇರುವುದು. ಹುಟ್ಟನ್ನು ಮುಚ್ಚಿಡುವ ಸಂಕಟವನ್ನಾಗಲಿ, ಒಂದೇ ಊರೊಳಗೆ ಎರಡು ಲೋಕ ಇರುವುದನ್ನಾಗಲಿ ಯಾವ ಕಾದಂಬರಿಕಾರನೂ ನಮಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಈ ಕಥೆಗಳನ್ನು ಅಳೆಯುವ ಹಕ್ಕು ನಮಗೆ ಒಂದು ಕೈ ಹೆಚ್ಚೇ ಇದೆ.

ಇಂಗ್ಲೆಂಡಿನ ಜಾನ್ ವಿಂಡಮ್ 1955ರಲ್ಲಿ ಪ್ರಕಟಿಸಿದ ‘ದಿ ಕ್ರಿಸಲಿಡ್ಸ್’ ಕಾದಂಬರಿಯನ್ನು ತೆಗೆದುಕೊಳ್ಳೋಣ. ಅಣುಯುದ್ಧದಂಥ ಮಹಾನಾಶದ ಎಷ್ಟೋ ತಲೆಮಾರಿನ ನಂತರ ಲ್ಯಾಬ್ರಡಾರಿನ ವಾಕ್ನುಕ್ ಎಂಬ ಊರಿನಲ್ಲಿ ನಡೆಯುವ ಕಥೆ ಇದು. ದೇವರು ಕೊಟ್ಟ ಅಚ್ಚಿಗೆ ಹೊಂದದ ಪೈರನ್ನು ಅಲ್ಲಿ ಸುಡುತ್ತಾರೆ, ಪಶುವನ್ನು ಕೊಲ್ಲುತ್ತಾರೆ, ಮನುಷ್ಯರನ್ನು ಸಂತಾನ ಇಲ್ಲದಂತೆ ಮಾಡಿ ಗಡಿಯಾಚೆಯ ಕಾಡಿಗೆ ಅಟ್ಟುತ್ತಾರೆ. ಸೋಫಿ ಎಂಬ ಪುಟ್ಟ ಹುಡುಗಿಯ ಪಾದದಲ್ಲಿ ಆರು ಬೆರಳು. ಯಾರಿಗೂ ಕಾಣಬಾರದೆಂದು ಅವಳ ಕಾಲಿಗೆ ಸದಾ ಜೋಡು. ಒಂದು ದಿನ ನೀರಾಟ ಆಡುವಾಗ ಬಂಡೆಯ ಮೇಲೆ ಮೂಡಿದ ಒದ್ದೆ ಹೆಜ್ಜೆ ಅವಳನ್ನು ಹಿಡಿದುಕೊಡುತ್ತದೆ.

ಈ ಹೆಜ್ಜೆ ನಮಗೆ ಗೊತ್ತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ತಾವು ತುಳಿದ ಮಣ್ಣನ್ನು ಗುಡಿಸಿಕೊಂಡು ಹೋಗಲು ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತೆಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ಒಂದೇ ಒಂದು ವ್ಯತ್ಯಾಸ: ಸೋಫಿಯ ಹೆಜ್ಜೆಯಲ್ಲಿ ಒಂದು ಬೆರಳು ಹೆಚ್ಚಿತ್ತು, ನಮ್ಮವರ ಹೆಜ್ಜೆಯಲ್ಲಿದ್ದದ್ದು ಐದೇ. ಜಾತಿಗೆ ಆ ಆರನೇ ಬೆರಳಿನ ನೆಪವೂ ಬೇಕಾಗಿಲ್ಲ.

ವಿಂಡಮ್ ಒಂದು ಸತ್ಯವನ್ನು ಚೆನ್ನಾಗಿಯೇ ಹಿಡಿದಿದ್ದಾನೆ. ಅದೇ ಊರಿಗೆ ಅಳತೆಮೀರಿದ ದೈತ್ಯ ಕುದುರೆಗಳು ಬರುತ್ತವೆ. ಅವು ಹೆಚ್ಚು ದುಡಿಯುತ್ತವಲ್ಲ, ಹಾಗಾಗಿ ಸರ್ಕಾರದ ಒಪ್ಪಿಗೆ ಸಿಕ್ಕಿಬಿಡುತ್ತದೆ! ಮಗುವಿನ ಬೆರಳು ಪಾಪ, ಉಳ್ಳವರ ಕುದುರೆ ಪಾಪವಲ್ಲ. ಶುದ್ಧಿ-ಮೈಲಿಗೆಯ ಲೆಕ್ಕ ಕೊನೆಗೆ ಯಾರ ಲಾಭಕ್ಕೆ ಬಗ್ಗುತ್ತದೆ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸಿದ್ದಕ್ಕೆ ಈ ಲೇಖಕನನ್ನು ಮೆಚ್ಚಲೇಬೇಕು.

ಆದರೆ ಕಾದಂಬರಿ ಸೋಫಿಯ ಕೈ ಬಿಡುತ್ತದೆ. ಕಥಾನಾಯಕ ಡೇವಿಡ್ ಮತ್ತವನ ಸಂಗಡಿಗರಿಗೆ ಒಬ್ಬರ ಮನಸ್ಸಿನ ಮಾತು ಇನ್ನೊಬ್ಬರಿಗೆ ಕೇಳಿಸುವ ಶಕ್ತಿ ಇದೆ. ಅದಕ್ಕೇ ಅವರನ್ನು ಕಾಪಾಡಲು ದೂರದ ಸೀಲ್ಯಾಂಡಿನಿಂದ ಆಕಾಶಮಾರ್ಗವಾಗಿ ಜನ ಬರುತ್ತಾರೆ. ಬಂದವಳು ಬೆನ್ನಟ್ಟಿ ಬಂದವರನ್ನೂ ಕಾಡಿನವರನ್ನೂ ಒಟ್ಟಿಗೆ ಕೊಂದು, ಮೇಲಾದ ತಳಿ ಬದುಕಬೇಕಾದರೆ ಹಳೆಯದು ಅಳಿಯಲೇಬೇಕೆಂದು ಉಪದೇಶ ಮಾಡುತ್ತಾಳೆ. ಅಷ್ಟರಲ್ಲಿ ಸೋಫಿ ಬಾಣ ತಗುಲಿ ಸತ್ತಿದ್ದಾಳೆ. ಅವಳಲ್ಲಿ ಶಕ್ತಿ ಏನಿತ್ತು? ಬರೀ ಒಂದು ಬೆರಳು. ಅವಳಿಗೆ ವಿಮಾನವಿಲ್ಲ. ವಾಕ್ನುಕ್‌ನ ಪುರೋಹಿತಶಾಹಿಯನ್ನು ಬಯ್ಯುತ್ತ ಹೊರಟ ಲೇಖಕ ಹೊಸದೊಂದು ಮೇಲ್ಜಾತಿಯನ್ನು ಕಟ್ಟಿ ಪುಸ್ತಕ ಮುಗಿಸುತ್ತಾನೆ. ಇದಕ್ಕೂ ಮುಂಚೆ, 1940ರಲ್ಲಿ, ಎ. ಇ. ವ್ಯಾನ್ ವೋಗ್ಟ್ ಬರೆದ ‘ಸ್ಲ್ಯಾನ್’ನದೂ ಇದೇ ಹಾಡು. ಬೇಟೆಗೆ ಗುರಿಯಾದ ಸ್ಲ್ಯಾನ್‌ಗಳು ಬುದ್ಧಿಯಲ್ಲೂ ಬಲದಲ್ಲೂ ಎಲ್ಲರಿಗಿಂತ ಮೇಲು. ಕೊನೆಗೆ ನೋಡಿದರೆ ಆಳುವ ಸರ್ವಾಧಿಕಾರಿಯೂ ಅವರವನೇ! ತುಳಿತಕ್ಕೆ ಸಿಕ್ಕವರ ನೋವನ್ನು ಕಡ ತಂದು ಶ್ರೇಷ್ಠರಿಗೆ ತೊಡಿಸುವುದು ಅಂದರೆ ಇದೇ.

ಬರೋಡಾಕ್ಕೆ ನೌಕರಿಗೆ ಹೋದ ಬಾಬಾಸಾಹೇಬರು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿಯಬೇಕಾಯಿತು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಓದಿ ಬಂದ ಆ ಮಹಾವಿದ್ವಾಂಸರು ಅಲ್ಲಿ ಮುಚ್ಚಿಟ್ಟದ್ದು ತಮ್ಮ ವಿದ್ವತ್ತನ್ನಲ್ಲ, ಕೇಳಿದ್ದು ಮಲಗಲು ಒಂದು ಜಾಗ. ಇವತ್ತಿಗೂ ಪಟ್ಟಣದಲ್ಲಿ ಬಾಡಿಗೆ ಕೋಣೆಗಾಗಿ ಜಾತಿ ನುಂಗಿಕೊಳ್ಳುವ ನಮ್ಮ ಹುಡುಗ ಹುಡುಗಿಯರು ಬಚ್ಚಿಡುತ್ತಿರುವುದು ಯಾವ ಅದ್ಭುತಶಕ್ತಿಯನ್ನೂ ಅಲ್ಲ. ಶ್ರೇಷ್ಠರೆಂದು ರುಜುವಾತು ಮಾಡಿದರಷ್ಟೇ ಉಳಿಸುತ್ತೇವೆ ಅನ್ನುವ ನ್ಯಾಯ ನಮಗೆ ಬೇಡ.

ಇನ್ನು ಸಮಾಂತರ ಲೋಕ. ಎರಡು ವಸ್ತುಗಳನ್ನೂ ಒಂದೇ ಕಥೆಯಲ್ಲಿ ಹೆಣೆದವನು ಅಮೆರಿಕದ ಕ್ಲಿಫರ್ಡ್ ಸಿಮಾಕ್. 1953ರಲ್ಲಿ ಪುಸ್ತಕವಾದ ಅವನ ‘ರಿಂಗ್ ಅರೌಂಡ್ ದಿ ಸನ್’ನಲ್ಲಿ ಮರೆಯಲ್ಲಿರುವ ಮ್ಯುಟೆಂಟುಗಳು ಎಂದೂ ಸವೆಯದ ಬ್ಲೇಡು, ಎಂದೂ ಕೆಡದ ಬಲ್ಬು, ಎಂದೂ ಮುರಿಯದ ಕಾರು ಮಾರಿ ಬಂಡವಾಳಶಾಹಿಯ ಬುಡ ಅಲ್ಲಾಡಿಸುತ್ತಾರೆ. ಲಾಭಕೋರರ ಹೆದರಿಕೆ ಏನೆಂದು ಸಿಮಾಕ್‌ಗೆ ಗೊತ್ತು, ಆ ಭಾಗ ಓದಲು ಖುಷಿಯಾಗುತ್ತದೆ. ಆದರೆ ಅವನು ಕೊಡುವ ಪರಿಹಾರ? ಈ ಭೂಮಿಯ ಹಿಂದೆ ಮುಂದೆ ಸಾಲುಸಾಲಾಗಿ ಖಾಲಿ ಭೂಮಿಗಳಿವೆ, ಬಡವರನ್ನೆಲ್ಲ ಅಲ್ಲಿಗೆ ಕಳಿಸಿದರಾಯಿತು.

ಈ ಪುಟವನ್ನು ಯಸಳೂರಿನ ಕಾಫಿ ಗುಡ್ಡಗಳಲ್ಲಿ ನಿಂತು ಓದಬೇಕು. ಇಲ್ಲಿ ಬೇರೆ ಲೋಕಕ್ಕೆ ಹೋಗಲು ಯಂತ್ರ ಬೇಡ, ಬಂಗಲೆಯಿಂದ ಲೈನ್ ಮನೆಗೆ ನಡೆದರೆ ಸಾಕು. ಅದೇ ಮಳೆ, ಅದೇ ಮಣ್ಣು, ಅದೇ ಹಣ್ಣು. ಕುಯ್ಯುವವರ ಲೋಕ ಬೇರೆ, ತೂಗಿಸಿ ಮಾರುವವರ ಲೋಕ ಬೇರೆ. 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದಾಗ ‘ಉಳುವವನೇ ಹೊಲದೊಡೆಯ’ ಎಂಬ ಮಾತು ನಾಡೆಲ್ಲ ಮೊಳಗಿತು. ಆದರೆ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಆ ಕಾಯ್ದೆಯ 104ನೇ ಕಲಮಿನ ವಿನಾಯಿತಿಯಲ್ಲಿ ಉಳಿದವು. ಗದ್ದೆಯ ಗೇಣಿದಾರನ ತನಕ ಬಂದ ಕಾನೂನು ತೋಟದ ಬೇಲಿ ಹತ್ತಿರ ನಿಂತುಬಿಟ್ಟಿತು. ಹೀಗಿರುವಾಗ ಇನ್ನೊಂದು ಭೂಮಿ ಇದೆ ಹೋಗ್ರಪ್ಪ ಅನ್ನುವವನು ಮೊದಲು ಈ ಬೇಲಿಯ ಕಥೆ ಹೇಳಬೇಕು. ಅಮೆರಿಕದಲ್ಲೂ ಖಾಲಿ ಅಂದ ನೆಲ ಖಾಲಿಯಿರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ಖಾಲಿ ಮಾಡಿದ್ದು.

ದೇವನೂರರ ‘ಕುಸುಮಬಾಲೆ’ ಯಾರೂ ವೈಜ್ಞಾನಿಕ ಕಥೆ ಅನ್ನದ ಕೃತಿ. ಅಲ್ಲೂ ಇನ್ನೊಂದು ಲೋಕವಿದೆ. ರಾತ್ರಿ ಮನೆಮನೆಯ ಜೋತಮ್ಮಗಳು ಒಟ್ಟುಸೇರಿ ಮಾತಾಡುತ್ತವೆ. ಮೇಲ್ಜಾತಿಯ ಕುಸುಮಳನ್ನು ಕೂಡಿದ ಚೆನ್ನ ಬೊಂಬಾಯಿಗೆ ಹೋದ ಅನ್ನುತ್ತದೆ ಊರು. ಅವನು ಕೊಲೆಯಾಗಿದ್ದಾನೆ. ಆ ಬೊಂಬಾಯಿಯೇ ಉಳ್ಳವರು ಹುಟ್ಟಿಸಿದ ಸುಳ್ಳು ಲೋಕ. ದೇವನೂರರ ದೀಪಗಳು ನಮ್ಮನ್ನು ಬೇರೆಲ್ಲಿಗೂ ಕರೆದೊಯ್ಯುವುದಿಲ್ಲ, ಇದೇ ಊರಿನೊಳಕ್ಕೆ ಬೆಳಕು ಹಿಡಿಯುತ್ತವೆ.

ವಿಂಡಮ್‌ನನ್ನೂ ಸಿಮಾಕ್‌ನನ್ನೂ ಓದಬೇಡಿ ಅಂತ ನಾವು ಹೇಳುತ್ತಿಲ್ಲ. ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳಿಗೆ ಸೋಫಿಯ ಕಥೆ ಹೇಳಿ. ಬಂಡೆಯ ಮೇಲೆ ಹೆಜ್ಜೆ ಮೂಡಿದಲ್ಲಿಗೆ ನಿಲ್ಲಿಸಿ, ಮುಂದೇನಾಗಬೇಕಿತ್ತು ಅಂತ ಕೇಳಿ. ಲೈನ್ ಮನೆಯಿಂದ ಬರುವ ಮಗು ಅವಳನ್ನು ಸಾಯಲು ಬಿಟ್ಟು ವಿಮಾನ ಹತ್ತುವುದಿಲ್ಲ ಅನ್ನುವ ನಂಬಿಕೆ ನಮಗಿದೆ. ಆ ಮಗು ಹೇಳುವುದನ್ನು ಬರೆದಿಟ್ಟುಕೊಳ್ಳಿ.