ಮಂಗಳವಾರದ ಮಾತ್ರೆ, ಉಳಿದ ಮಾತು

ಹಾವೇರಿ ಸೀಮೆಯಲ್ಲಿ ಜಗಳಕ್ಕೆ ನಿಂತವರು ‘ನಿನ್ನ ಧಾರವಾಡಕ್ಕ ಕಳಸಬೇಕು’ ಅಂದರೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಮಾನಸಿಕ ಆಸ್ಪತ್ರೆಯ ಹೆಸರಿನ ಅಂಜಿಕೆಗೇ ಎಷ್ಟೋ ಮಂದಿ ಖಿನ್ನತೆಯನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡು ತಿರುಗುತ್ತಾರೆ. ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದ ‘ಮನೋಚೈತನ್ಯ’ ಈ ಅಂಜಿಕೆಗೆ ತಕ್ಕ ಉತ್ತರ: ಮಂಗಳವಾರಗಳಂದು ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ರಾಣೆಬೆನ್ನೂರು, ಬ್ಯಾಡಗಿಯವರು ಜ್ವರಕ್ಕೆ ಹೋಗುವ ಆಸ್ಪತ್ರೆಗೇ ಇದಕ್ಕೂ ಹೋಗಬಹುದು. ಯೋಜನೆಯನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಮಾತ್ರೆ ಹತ್ತಿರ ಬಂದಷ್ಟು ಮಾತಿನ ಚಿಕಿತ್ಸೆ ಹತ್ತಿರ ಬಂದಿಲ್ಲ ಎಂಬುದೇ ನನ್ನ ತಕರಾರು.

‘ಎದಿ ಹೊಡ್ಕೊಳ್ತೈತ್ರಿ, ರಾತ್ರಿ ನಿದ್ದಿ ಹತ್ತವಲ್ದು.’ ಇಲ್ಲಿ ಆತಂಕ ಮಾತಾಡುವುದು ಹೀಗೆ. ಇಸಿಜಿ ಸರಿಯಿದ್ದರೆ ಮನೆಯವರು ‘ಏನೂ ಆಗಿಲ್ಲ, ಧೈರ್ಯ ತಗೋ’ ಅನ್ನುತ್ತಾರೆ. ಪ್ರೀತಿಯ ಮಾತೇ, ಆದರೆ ಅಲ್ಲಿಗೆ ಸಂಭಾಷಣೆ ಮುಗಿಯುತ್ತದೆ. ಆಪ್ತಸಮಾಲೋಚಕರು ಅಲ್ಲಿಂದ ಶುರು ಮಾಡುತ್ತಾರೆ. ಎದೆಬಡಿತ ಯಾವಾಗ ಏರಿತು? ಆಗ ಮನಸ್ಸಿಗೆ ಬಂದದ್ದೇನು? ಆಮೇಲೆ ಯಾವ ಕೆಲಸ ಬಿಟ್ಟಿರಿ? ಸಂತೆಗೆ ಹೋಗಲು ಅಂಜುವವರು ಮೊದಲ ವಾರ ಸಂತೆಯ ಅಂಚಿನವರೆಗೆ, ಮುಂದಿನ ವಾರ ಎರಡು ಅಂಗಡಿಯವರೆಗೆ ಹೋಗಿ ಬರುತ್ತಾರೆ. ಆದದ್ದನ್ನು ಮುಂದಿನ ಭೇಟಿಯಲ್ಲಿ ಹೇಳಬೇಕು. ಮತ್ತೆ ಬರುವುದರಲ್ಲೇ ಈ ಚಿಕಿತ್ಸೆಯ ಜೀವವಿದೆ. ಸಾಲು ಕರಗಿಸಬೇಕಾದ ವೈದ್ಯರಿಂದ ಅಷ್ಟು ಹೊತ್ತು ಕೇಳುವುದು ಅನ್ಯಾಯ. ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗಬಹುದು, ಅದನ್ನು ತಾವಾಗಿ ನಿಲ್ಲಿಸಲೂಬಾರದು. ಹಾಗೆಂದು ಬರೀ ಮಾತ್ರೆಯನ್ನೇ ಪೂರ್ತಿ ಚಿಕಿತ್ಸೆ ಅಂದುಕೊಂಡರೆ ಅರ್ಧ ದಾರಿಗೇ ನಿಂತಂತೆ.

2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಆ ಸಿಟ್ಟನ್ನು ನಾಡೇ ನೋಡಿತು. ಸಿಕ್ಕ ದರಕ್ಕೆ ಮಾರಿ, ಮನೆಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿದವನನ್ನು ಯಾರು ನೋಡಿದರು? ಚಿಕಿತ್ಸೆಯಿಂದ ದರ ಏರುವುದಿಲ್ಲ, ಸಾಲ ತೀರುವುದಿಲ್ಲ. ಅದು ಸರ್ಕಾರದ ಹೊಣೆ, ಕೌನ್ಸೆಲಿಂಗ್ ಹೆಸರಿನಲ್ಲಿ ಯಾರೂ ಅದರಿಂದ ಜಾರಿಕೊಳ್ಳಬಾರದು. ಆದರೂ ಹಾಸಿಗೆ ಬಿಟ್ಟೇಳಲು ಆಗದವನು ಬ್ಯಾಂಕಿಗೆ ಹೋಗಿ ಗಡುವು ಕೇಳುವುದು ಹೇಗೆ? ಸಾಲದ ಲೆಕ್ಕ ಬೇರೆ, ‘ನಾನೇ ಕೆಲಸಕ್ಕೆ ಬಾರದವ’ ಎಂಬ ತೀರ್ಪು ಬೇರೆ ಎಂದು ಬಿಡಿಸಿ ನೋಡುವಷ್ಟು ಬಲವನ್ನು ಈ ಮಾತುಕತೆ ಕೊಡುತ್ತದೆ. ಎಷ್ಟೋ ಸಲ ಜೀವ ಉಳಿಯಲು ಅಷ್ಟು ಸಾಕು.

ಇದಕ್ಕೆ ತಜ್ಞರ ದಂಡೇ ಬೇಕೆಂಬ ನೆಪವನ್ನು ಪಕ್ಕದ ಗೋವಾ ಸುಳ್ಳು ಮಾಡಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ಇಂಥ ಚಿಕಿತ್ಸೆ ಕೊಟ್ಟರು. 2017ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಆ ಚಿಕಿತ್ಸೆ ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಕೇಂದ್ರದ ವೈದ್ಯರ ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ 39.

2022ರ ಅಕ್ಟೋಬರ್‌ನಿಂದ ಟೆಲಿಮಾನಸ್ ಸಹಾಯವಾಣಿ ಇದೆ: 14416, ಉಚಿತ, ಹಗಲು-ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ಎಲ್ಲರೂ ಪರಿಚಯದವರೇ ಆದ ಊರಿನಲ್ಲಿ ಹೊಲದ ಬದುವಿನಿಂದ ಕರೆ ಮಾಡುವ ಅನುಕೂಲ ಸಣ್ಣದಲ್ಲ. ಆದರೆ ಫೋನಿನಲ್ಲಿ ಶುರುವಾದದ್ದು ಮುಂದುವರಿಯಲು ಹತ್ತಿರದಲ್ಲೊಂದು ಬಾಗಿಲು ಬೇಕು. ಈಗಾಗಲೇ ಹೊರೆ ಹೊತ್ತ ಆಶಾ ಕಾರ್ಯಕರ್ತೆಯರ ಮೇಲೆ ಇದನ್ನೂ ಹೇರದೆ, ಹಾವೇರಿ ಜಿಲ್ಲೆಯ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸಂಬಳ ಕೊಟ್ಟು ಸಮಾಲೋಚಕರನ್ನು ನೇಮಿಸಬೇಕು. ಮಾತು ಹೊರಗೆ ಕೇಳಿಸದಂಥ ಕೋಣೆಯನ್ನೂ ಅವರಿಗೆ ಕೊಡಬೇಕು.