ಆರೋ, ಒಂಬತ್ತೋ?

ಯಾದಗಿರಿ ಜಿಲ್ಲೆಯ ನಮ್ಮ ಕೊಂಕಲ್‌ನಲ್ಲಿ ಅರವತ್ತು ದಾಟಿದವರ ಹುಟ್ಟಿದ ದಿನ ಕೇಳಿ ನೋಡಿ. ಬಹಳ ಮಂದಿ ಜೂನ್ ಒಂದು ಅಂತಲೇ ಹೇಳುತ್ತಾರೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ಸಾಕು. ಶಾಲೆ ಶುರುವಾಗುವ ತಾರೀಖೇ ಹುಟ್ಟಿದ ತಾರೀಖು. ನಮ್ಮ ಕಾಕಾ ಹುಟ್ಟಿದ್ದು ಎಳ್ಳಮಾಸಿ ದಿನ, ಹೊಲದಲ್ಲಿ ಚರಗ ಚೆಲ್ಲಿ ಬಂದ ಸಂಜೆ ಎಂದು ಅಜ್ಜಿ ಹೇಳುತ್ತಿದ್ದಳು. ದಾಖಲೆಯಲ್ಲಿ ಮಾತ್ರ ೧-೬-೫೨.

ಈ ಸುಳ್ಳು ಜೂನ್‌ನಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಕೊಟ್ಟಿದ್ದು ಆ ಆರು. ಕನ್ನಡದ ೬ ಮತ್ತು ೯ ಒಂದೇ ತಾಯಿಯ ಮಕ್ಕಳು, ಬಾಲದ ತಿರುವು ಒಂದಿಷ್ಟು ಅತ್ತಿತ್ತ ಆದರೆ ಸಾಕು, ಗುರುತು ಸಿಗುವುದಿಲ್ಲ. ಯಾವುದೋ ಕಚೇರಿಯಲ್ಲಿ ನಕಲು ತೆಗೆದವರು ಅದನ್ನು ಒಂಬತ್ತು ಎಂದು ಓದಿ ಸೆಪ್ಟೆಂಬರ್ ಎಂದು ಟೈಪಿಸಿದರು. ಎರಡು ಕಾಗದ, ಎರಡು ಹುಟ್ಟು. ಕಾಕಾ ಎರಡನ್ನೂ ನನ್ನ ಮುಂದಿಟ್ಟು, “ತಮ್ಮಾ, ಓದಿದಾಂವ ಇದ್ದಿ, ನಾ ಯಾವಾಗ ಹುಟ್ಟೀನಿ ನೀನರ ಹೇಳಪಾ” ಅಂದರು. ತಿಂಗಳನ್ನು ಅಕ್ಷರದಲ್ಲಿ ಬರೆಯಬೇಕೆಂದು ನಾನು ಹಟ ಹಿಡಿಯುವುದು ಅಂದಿನಿಂದ.

ಅಂಕಿಯಲ್ಲೇ ಬರೆಯುತ್ತೇನೆ ಅನ್ನುವವರು ನಡುವೆ ಅಡ್ಡಗೆರೆ ಹಾಕಲಿ. ಓರೆಗೆರೆ ಕೈಬರಹದಲ್ಲಿ ಒಂದು ಎಂಬ ಅಂಕಿಯ ವೇಷ ಹಾಕುತ್ತದೆ: 1/1/11 ಅವಸರದಲ್ಲಿ ಬರೆದರೆ ಆರು ಕಡ್ಡಿ ಸಾಲಾಗಿ ನಿಲ್ಲುತ್ತವೆ. ಚುಕ್ಕಿ ಹಾಕಿದರೆ ದರಪಟ್ಟಿಯಂತೆ ಕಾಣುತ್ತದೆ. ಅಡ್ಡಗೆರೆಯೂ ಪೂರ್ತಿ ಸಾಚಾ ಅಲ್ಲ. ಜಾತ್ರೆಯ ಕರಪತ್ರದಲ್ಲಿ ‘ದಿ. 5-6-7ರಂದು’ ಎಂದು ಕಂಡರೆ ಮೂರು ದಿನದ ಜಾತ್ರೆಯೋ, 2007ರ ಜೂನ್‌ನಲ್ಲೇ ಮುಗಿದುಹೋದದ್ದೋ? ‘5, 6 ಮತ್ತು 7ರಂದು’ ಎಂದರೆ ಮುಗಿಯಿತು.

ಆ ‘ದಿ.’ ಬಗ್ಗೆಯೂ ನನ್ನದೊಂದು ತಕರಾರಿದೆ. ದಿನಾಂಕವೂ ಅದೇ, ದಿವಂಗತರೂ ಅದೇ. ಶ್ರದ್ಧಾಂಜಲಿ ಬ್ಯಾನರಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ‘ತಾ.’ ಅಂದರೆ ನಮ್ಮ ಕಡೆ ಇನ್ನೂ ಪಜೀತಿ. ಅರ್ಜಿಯ ತಲೆಯ ಮೇಲೆ ತಾಲ್ಲೂಕಿಗೆ ‘ತಾ.’ ಎಂದು ಬರೆದವರೇ ಕೆಳಗೆ ಸಹಿ ಮಾಡಿ ‘ತಾ.’ ಎಂದು ತಾರೀಖು ಹಾಕುತ್ತಾರೆ. ನಿಜ ಹೇಳಬೇಕೆಂದರೆ ಸಾಲಿನ ನಡುವೆ ಇವ್ಯಾವುವೂ ಬೇಕಿಲ್ಲ. ‘1948ರ ಸೆಪ್ಟೆಂಬರ್ 17ರಂದು’ ಎಂದ ಮೇಲೆ ‘ದಿನಾಂಕ’ ಎಂಬ ಹಣೆಪಟ್ಟಿ ಯಾತಕ್ಕೆ? ಇಂಗ್ಲಿಷಿನವರು ತಾರೀಖು ಮತ್ತು ಇಸವಿಯ ನಡುವೆ ಅಲ್ಪವಿರಾಮ ಹಾಕಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳಲಿ. ನಮಗೆ ‘ರ’ ಪ್ರತ್ಯಯವೇ ಆ ಕೆಲಸ ಮಾಡಿಕೊಡುತ್ತದೆ.

ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಇದು ಕಲ್ಲಿನಲ್ಲಿ ಕೊರೆದು ಬಂದ ಕ್ರಮ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಶಕೆ ಶುರುಮಾಡಿದ. ಆ ಕಾಲದ ಶಾಸನಗಳಲ್ಲಿ ವಿಕ್ರಮ ವರ್ಷದ ಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾರೆ. ಸಂಖ್ಯೆಗೆ ಹೆಸರು ಸಾಕ್ಷಿ. ಹನ್ನೆರಡನೆಯ ವರ್ಷವೆಂದರೆ ಪ್ರಭವ ಸಂವತ್ಸರವೇ ಇರಬೇಕು. ಕೆತ್ತಿದವನು ಕೈತಪ್ಪಿ ಹದಿಮೂರು ಮಾಡಿದ್ದರೆ ಪ್ರಭವ ಅವನನ್ನು ಹಿಡಿದುಕೊಡುತ್ತದೆ. ಚೆಕ್ಕಿನ ಮೇಲೆ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುವುದು ಇದೇ ಬುದ್ಧಿ. ವರ್ಷ-ತಿಂಗಳು-ದಿನ ಎಂಬ ಐಎಸ್‌ಒ 8601 ಮಾನಕ ಹೊರಬಿದ್ದಿದ್ದು 1988ರಲ್ಲಿ. ಅಷ್ಟೊತ್ತಿಗೆ ನಮ್ಮ ಕಲ್ಲುಗಳು ಒಂಬತ್ತು ಶತಮಾನ ಬಿಸಿಲು ಕಂಡಿದ್ದವು.

ನಡುವೆ ನಿಜಾಮರ ಕಾಲ ಬಂತು. ತಾತನ ಹೊಲದ ಕಾಗದಗಳು ಉರ್ದುವಿನಲ್ಲಿವೆ, ವರ್ಷ ಫಸಲಿ, ಅಂದರೆ ಕಂದಾಯದ ಲೆಕ್ಕದ್ದು. ಹೈದರಾಬಾದ್ ಸಂಸ್ಥಾನದ ಭೂಕಂದಾಯ ಕಾಯ್ದೆಯ ಹೆಸರಿನಲ್ಲೇ 1317 ಫಸಲಿ ಇದೆ. ಯಾರಾದರೂ ಹದಿನಾಲ್ಕನೆಯ ಶತಮಾನ ಅಂದುಕೊಂಡಾರು! 590 ಕೂಡಿಸಿದರೆ 1907. ಆದರೆ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಆಜುರ್ ತಿಂಗಳಿಂದ ಶುರು. ಹಾಗಾಗಿ ಜನವರಿ ಒಂದರಿಂದ ಮುಂದಿನ ತಾರೀಖುಗಳಿಗೆ 591 ಕೂಡಿಸಬೇಕು. ಮದ್ರಾಸ್ ಸೀಮೆಯಲ್ಲಿ ಫಸಲಿ ವರ್ಷ ಜುಲೈ ಒಂದಕ್ಕೇ ಹುಟ್ಟುತ್ತಿತ್ತು. ಆ ಸೀಮೆಯಲ್ಲಿದ್ದ ಬಳ್ಳಾರಿ ಕಡೆಯವರ ಲೆಕ್ಕ ನಮಗೆ ಹೊಂದುವುದಿಲ್ಲ.

ಆ ಕಾಗದಗಳಲ್ಲಿ ನನಗೆ ಬಹಳ ಸೇರುವುದು ಒಂದು ಸಣ್ಣ ಗುರುತು. ಉರ್ದು ಬರೆಯುವವರು ವರ್ಷದ ಅಂಕಿಗೆ ಬಾಲದಂತೆ ಒಂದು ಅಕ್ಷರ ಅಂಟಿಸುತ್ತಾರೆ: ಫಸಲಿಗೆ ‘ಫೆ’, ಹಿಜರಿಗೆ ‘ಹೆ’, ಇಸವಿಗೆ ಒಂದು ಪುಟ್ಟ ‘ಹಮ್ಜಾ’. ಯಾವ ಲೆಕ್ಕದ ವರ್ಷವೆಂದು ಓದುವವ ತಡಕಾಡಬೇಕಿಲ್ಲ. ಕನ್ನಡದಲ್ಲಿ ನಾವು ಅದನ್ನು ಮುಂದೆ ಇಡುತ್ತೇವೆ: ‘ಕ್ರಿ.ಶ. 1087’, ‘ಶಕೆ 1947’. ಈ ಶಕೆಯಲ್ಲೂ ಎರಡು ಬಾಗಿಲಿವೆ. ಸರ್ಕಾರದ ರಾಷ್ಟ್ರೀಯ ಪಂಚಾಂಗದಲ್ಲಿ 1947 ಶುರುವಾಗಿದ್ದು 2025ರ ಮಾರ್ಚ್ 22ಕ್ಕೆ, ನಮ್ಮ ಯುಗಾದಿಯ 1947 ಅದೇ ಮಾರ್ಚ್ 30ಕ್ಕೆ. ನಡುವಿನ ಎಂಟು ದಿನ ಎರಡು ಲೆಕ್ಕಕ್ಕೂ ತಾಳೆಯಿಲ್ಲ.

ಕಾಕಾನ ಕೆಲಸ ಕೊನೆಗೆ ಒಂದು ಅಫಿಡವಿಟ್‌ನಲ್ಲಿ ಮುಗಿಯಿತು. ‘1952ರ ಜೂನ್ ಒಂದು’ ಎಂದು ತಿಂಗಳನ್ನು ಅಕ್ಷರದಲ್ಲಿ ಬರೆಸಿದೆ. ಸಹಿ ಹಾಕಿ, ಕೆಳಗೆ ಆವತ್ತಿನ ತಾರೀಖು ಬರೆಯಲು ಪೆನ್ನು ಎತ್ತಿದ ಕಾಕಾ ನನ್ನ ಕಡೆ ತಿರುಗಿ, “ಇವತ್ತ ಐತವಾರ ಮರುದಿನ ಅಲ್ಲ?” ಅಂದರು.